ದೊರೆಗೊಂದು ಕಾಗದ, ಡರ್ಹಮ್ಮಿನಿಂದ

ದೊರೇ,

ಮಗಳ ಮನೆಗೆ ಬಂದು ಎರಡು ತಿಂಗಳಾಯಿತು. ಇಂಗ್ಲೆಂಡಿನ ಈ ಡರ್ಹಮ್ ನಿನಗೆ ಹಿಡಿಸುವಂಥ ಊರು. ಗುಡ್ಡ, ಗುಡ್ಡವನ್ನು ಬಳಸಿಕೊಂಡು ಹರಿಯುವ ಹೊಳೆ, ನೆತ್ತಿಯ ಮೇಲೆ ಭಾರಿ ಚರ್ಚು. ಸೀಬೆಮರ ಒಂದೂ ಕಾಣಲಿಲ್ಲ, ನಿಶ್ಚಿಂತೆಯಿಂದಿರು. ಈ ಕಾಗದವನ್ನು ನಾಲ್ಕು ಜನ ಓದುವ ಹಾಗೆ ಹಾಕ್ತಿದ್ದೀನಿ. ನಿನಗೊಬ್ಬನಿಗೇ ಬರೆದರೆ ನೀನು ಉತ್ತರ ಬರೆಯುವವನಲ್ಲ.

ಆ ಚರ್ಚಿನೊಳಗೆ ಬೀಡ್ ಎಂಬ ಸನ್ಯಾಸಿಯ ಸಮಾಧಿಯಿದೆ. ಇಂಗ್ಲಿಷ್ ಜನರ ಧರ್ಮಚರಿತ್ರೆ ಬರೆದವನು, 735ರಲ್ಲಿ ತೀರಿಕೊಂಡ. ಪ್ರಾಣ ಹೋಗುವ ಮೊದಲು ತನ್ನ ಪೆಟ್ಟಿಗೆಯಲ್ಲಿದ್ದ ಮೆಣಸು, ಬಟ್ಟೆ, ಧೂಪವನ್ನೆಲ್ಲ ಜೊತೆಯವರಿಗೆ ಹಂಚಿದನಂತೆ. ಮೆಣಸು ಕಣೋ! ನಮ್ಮ ಪಡುವಣ ಘಟ್ಟದ ಬಳ್ಳಿಯ ಕಾಳು ಎಷ್ಟು ಕೈ ದಾಟಿ ಈ ಚಳಿಯ ನಾಡಿಗೆ ಬಂದಿತ್ತೋ! ಕಲ್ಲಿನ ಮುಂದೆ ಸುಮಾರು ಹೊತ್ತು ನಿಂತಿದ್ದೆ.

ಅಲ್ಲಿಂದ ಆ ಕಾಲದ ಹುಚ್ಚು ಹಿಡಿಯಿತು. ಮಗಳು ಲೈಬ್ರರಿಯಿಂದ ಪುಸ್ತಕ ತಂದುಕೊಟ್ಟಳು. ಆಲ್ಫ್ರೆಡ್ ರಾಜ, ವೈಕಿಂಗರ ದಾಳಿ, ಅವನ್ನೆಲ್ಲ ಬೇಗ ಬೇಗ ದಾಟಿದೆ. ದಾಟಲಾಗದೆ ನಿಂತದ್ದು ಒಬ್ಬ ಉಳುವವನ ಹತ್ತಿರ. ಸುಮಾರು 1000ದ ಹೊತ್ತಿಗೆ ಆಲ್ಫ್ರಿಕ್ ಎಂಬ ಸನ್ಯಾಸಿ ಮೇಷ್ಟ್ರು, ಮಠದ ಹುಡುಗರಿಗೆ ಲ್ಯಾಟಿನ್ ಕಲಿಸೋಕೆ ಮಾತುಕತೆಯ ಪಾಠ ಬರೆದ. ಒಬ್ಬ ಹುಡುಗ ಬೆಸ್ತನಾಗಬೇಕು, ಒಬ್ಬ ಬೇಟೆಗಾರ, ಒಬ್ಬ ಉಳುವವ. ಉಳುವವ ಹೇಳ್ತಾನೆ: ಬೆಳಗಾಗುತ್ತಲೇ ಎತ್ತು ಹೊಡ್ಕೊಂಡು ಹೊರಡ್ತೀನಿ, ಎಂಥ ಚಳಿಯಿದ್ದರೂ ಒಡೆಯನ ಭಯಕ್ಕೆ ಮನೇಲಿ ಕೂರಲಾರೆ, ದಿನಕ್ಕೆ ತುಂಬು ಒಂದು ಎಕರೆ ಉಳಲೇಬೇಕು. ನಮ್ಮ ಪಹಣಿಯಲ್ಲಿ ಬರೆಯುವ ‘ಎಕರೆ’ ಇದೇ ಮಾತು, ಅವರ ಹಳೇ ನುಡಿಯಲ್ಲಿ ಹೊಲ ಅಂತ ಅರ್ಥ. ಎತ್ತು ಹೊಡೆಯಲು ಅವನ ಜೊತೆ ಒಬ್ಬ ಹುಡುಗ. ಚಳಿಗೂ ಕೂಗಿಗೂ ಆ ಹುಡುಗನ ಗಂಟಲು ಕಟ್ಟಿಹೋಗಿದೆ. ಬಹಳ ಕಷ್ಟದ ಕೆಲಸ ಅಂತಾನೆ ಮೇಷ್ಟ್ರು. ಉಳುವವ ಅಂತಾನೆ: ಹೌದು ಸ್ವಾಮಿ, ಕಷ್ಟ, ಯಾಕಂದ್ರೆ ನಾನು ಸ್ವತಂತ್ರನಲ್ಲ.

ಇನ್ನೊಂದು, ಇದೇ ಡರ್ಹಮ್ಮಿನ ಮಠದವರ ಪುಸ್ತಕದಲ್ಲಿ ಬರೆದಿಟ್ಟದ್ದು. ಗೀಟ್‌ಫ್ಲೆಡ ಎಂಬ ಹೆಂಗಸು ತನ್ನ ಆತ್ಮದ ಒಳಿತಿಗೆಂದು ಆಳುಗಳನ್ನು ಬಿಡುಗಡೆ ಮಾಡಿದಳು. ಕಮ್ಮಾರ ಎಕ್ಕಿಯರ್ಡ್, ಆಲ್ಫ್‌ಸ್ಟನ್, ಅವನ ಹೆಂಡತಿ, ಅವರ ಹುಟ್ಟಿದ ಹುಟ್ಟದ ಮಕ್ಕಳು, ಆರ್ಕಿಲ್, ಕೋಲ್. ಆಮೇಲೆ, ‘ಕೆಟ್ಟ ದಿನಗಳಲ್ಲಿ ಕೂಳಿಗಾಗಿ ಯಾರ ತಲೆಗಳನ್ನು ತೆಗೆದುಕೊಂಡಿದ್ದಳೋ ಅವರೆಲ್ಲರೂ’. ಹಸಿದವರು ಅವಳ ಮುಂದೆ ಬಂದು ತಲೆ ಒಪ್ಪಿಸಿ ಆಳಾಗಿದ್ದರು. 1086ರಲ್ಲಿ ಇಂಗ್ಲೆಂಡಿನ ರಾಜ ನೆಲ, ಜನ ಎಲ್ಲ ಎಣಿಸಿ ಬರೆಸಿದ ಡೂಮ್ಸ್‌ಡೇ ಲೆಕ್ಕದಲ್ಲಿ ಬರೆಸಿಕೊಂಡವರಲ್ಲಿ ಸುಮಾರು ಹತ್ತಕ್ಕೊಬ್ಬರು ಗುಲಾಮರು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನಮ್ಮನೆಯ ಹುಡುಗ ನೆನಪಾದ.

ನಿನಗೆ ಅವನು ಗೊತ್ತು. ನಮಗೆ ಬುದ್ಧಿ ಬರುವಷ್ಟರಲ್ಲಿ ತಲೆ ನರೆತಿತ್ತು, ಆದರೂ ಊರಿಗೆಲ್ಲ ‘ಹುಡುಗ’. ಮಂಜಿನಲ್ಲಿ ಎತ್ತು ಹೊಡೆಯುವಾಗ ಅವನ ದನಿ ಒಡೆದು ಬರುತ್ತಿತ್ತಲ್ಲ, ನೀನು ಅಣಕಿಸ್ತಿದ್ದೆ, ನಾನೂ ನಗ್ತಿದ್ದೆ. ಬರಗಾಲದ ವರ್ಷ ಅವನ ಅಪ್ಪ ರಾಗಿ ಹೊತ್ತುಕೊಂಡು ಹೋಗಿ, ಮಗನನ್ನು ನಮ್ಮ ಕೊಟ್ಟಿಗೆಯಲ್ಲಿ ಬಿಟ್ಟು ಹೋಗಿದ್ದನಂತೆ. 1976ರಲ್ಲಿ ಜೀತ ರದ್ದಾದ ಸುದ್ದಿಯನ್ನು ಅಪ್ಪ ಜಗಲಿಯಲ್ಲಿ ಕೂತು ಪೇಪರಿನಿಂದ ಗಟ್ಟಿಯಾಗಿ ಓದಿದ್ದು ನೆನಪಿದೆ. ಹುಡುಗ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ಮಾರನೇ ದಿನವೂ ಕೋಳಿ ಕೂಗೋ ಹೊತ್ತಿಗೆ ನೇಗಿಲು ಹೊತ್ತು ಹೋದ.

ಇಷ್ಟೇ ಬರೆಯಬೇಕು ಅಂದ್ಕೊಂಡಿದ್ದೆ. ನನ್ನ ಅಕ್ಷರ ದುಂಡಗೆ ಅಂತ ಲೆಕ್ಕದ ಪುಸ್ತಕ ನನ್ನ ಕೈಲಿತ್ತು, ಅದು ನಿನಗೆ ಗೊತ್ತಿಲ್ಲ. ಒಂದು ಪುಟದ ತಲೆಯಲ್ಲಿ ‘ಹುಡುಗನ ಲೆಕ್ಕ’ ಅಂತ ನಾನೇ ಬರೆದಿದ್ದೆ. ಕಂಬಳಿ ಒಂದು, ಹಬ್ಬದ ಬಟ್ಟೆ, ಔಷಧಿಗೆ ಇಷ್ಟು. ಒಂದು ಸಲ ಎರಡು ಪಲ್ಲ ರಾಗಿ ಅಳೆದುಕೊಟ್ಟು, ಅಪ್ಪ ಮೂರು ಅಂತ ಬರಿ ಅಂದ. ಹುಡುಗ ಎದುರಿಗೇ ನಿಂತು ನನ್ನ ಕೈಯನ್ನೇ ನೋಡ್ತಿದ್ದ. ಅವನಿಗೆ ಓದು ಬರದು. ನಾನು ಮೂರು ಅಂತ ಬರೆದೆ.

ಸಾವಿರ ವರ್ಷದ ಹಿಂದೆ ಒಡತಿಯೊಬ್ಬಳು ತಾನು ಬಿಡುವ ಆಳುಗಳ ಹೆಸರು ಬರೆಸಿಟ್ಟಳು. ನಾನು ಒಂದು ಹೆಸರೂ ಬರೆಯಲಿಲ್ಲ. ಅವನ ಹೆಸರೇನು ದೊರೇ? ನಿಮ್ಮವ್ವನಿಗೆ ನೆನಪಿರಬಹುದು, ಕೇಳು. ಫೋನಿನಲ್ಲಿ ಹೇಳಬೇಡ, ಕಾಗದದಲ್ಲಿ ಬರೆದು ಕಳಿಸು.

ಇಲ್ಲಿ ನಾಲ್ಕು ಗಂಟೆಗೇ ಕತ್ತಲಾಗುತ್ತೆ. ಮಗಳು ಮೆಣಸಿನ ಸಾರು ಮಾಡಿದ್ದಾಳೆ, ಕರೀತಿದ್ದಾಳೆ. ಸಂಕ್ರಾಂತಿಯ ಹೊತ್ತಿಗೆ ಊರಲ್ಲಿರ್ತೀನಿ. ಬಿಸ್ಕತ್ತಿನ ಡಬ್ಬ ತರ್ತೀನಿ, ಈ ಸಲ ಖಾಲಿ ಇರಲ್ಲ, ನಿನ್ನಾಣೆ.