ವಾಣಿ ಕೋಲಾ: ಹಣ ಹಾಕಿದವರ ಕಥೆ

ನಮ್ಮ ಸಂಘದ ಕೂಟಗಳಲ್ಲಿ ಬೆಂಗಳೂರಿನ ಸ್ಟಾರ್ಟಪ್‌ಗಳ ಮಾತು ಬಂದಾಗಲೆಲ್ಲ ಅವುಗಳನ್ನು ಕಟ್ಟಿದವರ ಹೆಸರುಗಳು ಸಲೀಸಾಗಿ ಕೇಳಿಬರುತ್ತವೆ. ಹೇಳಿಕೊಳ್ಳುವಂಥ ವಹಿವಾಟೇ ಇಲ್ಲದ ದಿನಗಳಲ್ಲಿ ನಂಬಿ ಹಣ ಹಾಕಿದವರನ್ನು ನೆನೆಯುವವರು ಕಡಿಮೆ. ಹೊಸ ಕಂಪನಿಗಳಲ್ಲಿ ಬಂಡವಾಳ ಹೂಡುವ ಕಲಾರಿ ಕ್ಯಾಪಿಟಲ್‌ನ ಸ್ಥಾಪಕಿ ವಾಣಿ ಕೋಲಾ ಅವರ ವೃತ್ತಿಜೀವನದ ಬಗ್ಗೆ ಈ ಸಂಚಿಕೆಯಲ್ಲಿ ಬರೆಯಬೇಕೆನಿಸಿದ್ದು ಅದಕ್ಕಾಗಿ.

ಹೈದರಾಬಾದಿನವರಾದ ವಾಣಿ ಅವರು ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಇಂಜಿನಿಯರಿಂಗ್ ಓದಿ, ಮುಂದಿನ ಓದಿಗೆ ಅಮೆರಿಕದ ಅರಿಜೋನಾಕ್ಕೆ ಹೋದರು. 1996ರಲ್ಲಿ ಸಿಲಿಕಾನ್ ವ್ಯಾಲಿಯಲ್ಲಿ ರೈಟ್‌ವರ್ಕ್ಸ್ ಕಟ್ಟಿದರು, ಆಮೇಲೆ ಸರ್ಟಸ್. ಎರಡೂ ದೊಡ್ಡ ಕಂಪನಿಗಳಿಗೆ ತಂತ್ರಾಂಶ ಮಾರುತ್ತಿದ್ದ ಸಂಸ್ಥೆಗಳು. ಎರಡು ದಶಕಗಳ ಅಮೆರಿಕದ ಬದುಕನ್ನು ಬಿಟ್ಟು 2006ರಲ್ಲಿ ಅವರು ಬೆಂಗಳೂರಿಗೆ ಬಂದಾಗ ಕೈಗೆತ್ತಿಕೊಂಡಿದ್ದು ಬೇರೆಯದೇ ಕಸುಬು: ಇತರರ ಕಂಪನಿಗಳಲ್ಲಿ ಹೂಡಿಕೆ. ಅದರಲ್ಲೂ, ವಸ್ತುವನ್ನು ಮುಟ್ಟಿ ನೋಡದೆ ದುಡ್ಡು ಕೊಡಲು ಹಿಂಜರಿಯುತ್ತಿದ್ದ ಸಾಮಾನ್ಯ ಗ್ರಾಹಕರನ್ನೇ ನೆಚ್ಚಿಕೊಂಡ ಕಂಪನಿಗಳು ಅವರ ಮುಂದಿದ್ದವು.

ಮಿಂತ್ರಾದ ಉದಾಹರಣೆಯನ್ನೇ ನೋಡೋಣ. 2008ರಲ್ಲಿ ವಾಣಿ ಅವರ ಆಗಿನ ಸಂಸ್ಥೆ ಎನ್‌ಇಎ-ಇಂಡೋಯುಎಸ್ ವೆಂಚರ್ಸ್ (ಮುಂದೆ ಇದೇ ಕಲಾರಿ ಆಯಿತು) ಇತರರೊಡನೆ ಸೇರಿ ಹಣ ಹಾಕಿದಾಗ, ಮಿಂತ್ರಾ ಕಾಫಿ ಮಗ್ಗು, ಟೀ ಶರ್ಟುಗಳ ಮೇಲೆ ಕೇಳಿದವರ ಹೆಸರು, ಚಿತ್ರಗಳನ್ನು ಅಚ್ಚು ಹಾಕಿ ಕೊಡುತ್ತಿದ್ದ ಪುಟ್ಟ ವ್ಯಾಪಾರ. ಮುಂದೆ ಅದು ಆ ದಾರಿಯನ್ನೇ ಬಿಟ್ಟು ಸಿದ್ಧ ಉಡುಪುಗಳತ್ತ ಹೊರಳಿತು. 2014ರಲ್ಲಿ ಫ್ಲಿಪ್‌ಕಾರ್ಟ್ ಅದನ್ನು ಕೊಂಡಿತು. ಅಷ್ಟು ವರ್ಷ ಜೊತೆಗಿದ್ದ ನಂಟು ಅಲ್ಲಿಗೇ ಮುಗಿಯಲಿಲ್ಲ: ಮಿಂತ್ರಾದ ಸ್ಥಾಪಕರಲ್ಲೊಬ್ಬರಾದ ಮುಕೇಶ್ ಬನ್ಸಲ್ 2016ರಲ್ಲಿ ವ್ಯಾಯಾಮ, ಆರೋಗ್ಯದ ಕಂಪನಿ ಕ್ಯೂರ್‌ಫಿಟ್ ಆರಂಭಿಸಿದಾಗ ಕಲಾರಿ ಮತ್ತೆ ಬಂಡವಾಳ ಹೂಡಿತು. ಲಾಭದ ಮೊತ್ತಕ್ಕಿಂತ ಈ ಎರಡನೆಯ ಹೂಡಿಕೆಯೇ ಹೂಡಿಕೆದಾರರ ಗುಣವನ್ನು ಚೆನ್ನಾಗಿ ತೋರಿಸುತ್ತದೆ ಎಂಬುದು ನನ್ನ ಅಭಿಪ್ರಾಯ.

ಅವರ ಎಲ್ಲ ಹೂಡಿಕೆಗಳೂ ಹೀಗೆ ಫಲಿಸಲಿಲ್ಲ. ಕಲಾರಿಯ ಹಣವಿದ್ದ ಆನ್‌ಲೈನ್ ಮಾರಾಟದ ಕಂಪನಿ ಸ್ನ್ಯಾಪ್‌ಡೀಲ್ ಒಂದು ಕಾಲದಲ್ಲಿ ಫ್ಲಿಪ್‌ಕಾರ್ಟ್‌ಗೆ ಸರಿಸಾಟಿಯಾಗಿ ನಿಂತು, ಆಮೇಲೆ ಬಹಳ ಕೆಳಗಿಳಿಯಿತು. ಕಲಾರಿ ಹಣ ಹಾಕಿದ್ದ ಬೆಂಗಳೂರಿನ ಪೀಠೋಪಕರಣ ಕಂಪನಿ ಅರ್ಬನ್ ಲ್ಯಾಡರ್‌ನ ಶೇ. 96ರಷ್ಟು ಪಾಲು 2020ರಲ್ಲಿ ಸುಮಾರು 182 ಕೋಟಿ ರೂಪಾಯಿಗೆ ರಿಲಯನ್ಸ್ ಕೈಸೇರಿತು. ಅದರಲ್ಲಿ ಹೂಡಿದ್ದವರಿಗೆ ಅದು ನಷ್ಟದ ಬಾಬತ್ತು. ಈ ವೃತ್ತಿಯ ಲೆಕ್ಕಾಚಾರವೇ ಹಾಗೆ: ಹತ್ತು ವರ್ಷದ ಅವಧಿಗೆಂದು ಪರರಿಂದ ಪಡೆದ ಹಣವನ್ನು ಹಲವು ಕಡೆ ಹಾಕಿದರೆ, ಹೆಚ್ಚಿನವು ಕೈಕೊಟ್ಟು ಒಂದೆರಡು ಮಾತ್ರ ಎಲ್ಲವನ್ನೂ ತುಂಬಿಕೊಡುತ್ತವೆ. ಸೋತ ಕಂಪನಿಯ ಆಡಳಿತ ಮಂಡಳಿಯಲ್ಲೂ ಕೊನೆಯವರೆಗೆ ಕುಳಿತಿರಬೇಕಾದ ಸಹನೆ ಹೊರಗಿನವರಿಗೆ ಕಾಣುವುದಿಲ್ಲ.

ಯಾರಿಗೆ ಹಣ ಸಿಗಬೇಕೆಂದು ತೀರ್ಮಾನಿಸುವ ಕುರ್ಚಿಗಳಲ್ಲಿ ಹೆಂಗಸರು ಇಂದಿಗೂ ವಿರಳ. 2021ರಲ್ಲಿ ಕಲಾರಿ ಮಹಿಳಾ ಉದ್ಯಮಿಗಳಿಗಾಗಿಯೇ ಸಿಎಕ್ಸ್‌ಎಕ್ಸ್‌ಒ ಎಂಬ ಯೋಜನೆಯನ್ನು ಆರಂಭಿಸಿತು. ನಮ್ಮ ಸಂಘದ ಮನೆಗಳಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಹೆಣ್ಣುಮಕ್ಕಳೊಡನೆ ಮುಂದಿನ ದಾರಿಯ ಬಗ್ಗೆ ಮಾತನಾಡುವಾಗ, ಕಂಪನಿ ಕಟ್ಟುವುದರ ಜೊತೆಗೆ ಕಂಪನಿಗಳಿಗೆ ಬಂಡವಾಳ ಒದಗಿಸುವ ಈ ಕೆಲಸವನ್ನೂ ಹಿರಿಯರು ಪ್ರಸ್ತಾಪಿಸಬೇಕೆಂದು ಕೋರುತ್ತೇನೆ.