341 ತೋರಿಸಿಕೊಟ್ಟವರಿಗೆ

ಮೊನ್ನೆ ಫಲಿತಾಂಶ ಬಂತು. ಸಂಖ್ಯಾ ಸಿದ್ಧಾಂತದ ಪೇಪರ್ ಪಾಸಾಗಿದೆ, ಮೂರನೇ ಸಲಕ್ಕೆ. ಅಂಕ ಎಷ್ಟು ಅಂತ ಮಾತ್ರ ಕೇಳಬೇಡಿ.

ಬಿ.ಎಸ್ಸಿ. ಮುಗಿಸಿ ಹದಿನಾಲ್ಕು ವರ್ಷ ಆದಮೇಲೆ, ಮಂಡ್ಯದ ಮನೆಯಲ್ಲಿ ಟ್ಯೂಷನ್ ಹೇಳಿಕೊಡುತ್ತಲೇ ಎಂ.ಎಸ್ಸಿ.ಗೆ ಕಟ್ಟಿದವಳು ನಾನು. ಉಳಿದ ಪೇಪರ್‌ಗಳು ಹೇಗೋ ದಾಟಿದವು. ಇದೊಂದು ಎರಡು ಸಲ ಕೈಕೊಟ್ಟಿತು. ಭಾಗಾಕಾರ, ಶೇಷ, ಅವಿಭಾಜ್ಯ ಸಂಖ್ಯೆ, ಎಲ್ಲ ನಾನೇ ಮಕ್ಕಳಿಗೆ ಹೇಳಿಕೊಡುವ ಮಾತುಗಳು. ಸುಲಭ ಅಂದುಕೊಂಡಿದ್ದೇ ತಪ್ಪಾಯಿತು.

ಆಗ ಸಿಕ್ಕವರು ಮೈಸೂರಿನ ಇಬ್ಬರು. ಒಬ್ಬರು ನಿವೃತ್ತ ಮೇಷ್ಟ್ರು, ಇನ್ನೊಬ್ಬಳು ಮಾನಸಗಂಗೋತ್ರಿಯಲ್ಲಿ ಸಂಶೋಧನೆ ಮಾಡುವ ಹುಡುಗಿ. ಹೆಸರು ಹಾಕಬೇಡಿ ಅಂದಿದ್ದಾರೆ. ಭಾನುವಾರ ಬೆಳಿಗ್ಗೆ ರೈಲು ಹತ್ತಿ ಹೋದರೆ ಕುಕ್ಕರಹಳ್ಳಿ ಕೆರೆಯ ಹತ್ತಿರ ಸಿಗುತ್ತಿದ್ದರು. ದುಡ್ಡಿನ ಮಾತೇ ಇಲ್ಲ. ಆದರೆ ಉತ್ತರವನ್ನೂ ಹೇಳುತ್ತಿರಲಿಲ್ಲ! 'ನೀವೇನು ಮಾಡಿ ನೋಡಿದ್ರಿ, ತೋರಿಸಿ' ಅನ್ನೋರು. ಖಾಲಿ ಹಾಳೆ ಹಿಡಿದು ಹೋದ ದಿನ ಸುಮ್ನೆ ಹಕ್ಕಿ ನೋಡಿಕೊಂಡು ವಾಪಸ್ ಬಂದಿದ್ದೂ ಇದೆ.

ನನ್ನನ್ನು ಜಾಸ್ತಿ ಕಾಡಿದ್ದು ಫ್ರಾನ್ಸಿನ ಗಣಿತಜ್ಞ ಫರ್ಮಾನ ಕಿರು ಪ್ರಮೇಯ. 2 ಬಿಟ್ಟು ಯಾವ ಅವಿಭಾಜ್ಯ ಸಂಖ್ಯೆ ತಗೊಂಡರೂ, ಅದಕ್ಕಿಂತ ಒಂದು ಕಮ್ಮಿ 2ಗಳನ್ನು ಗುಣಿಸಿ ಅದೇ ಸಂಖ್ಯೆಯಿಂದ ಭಾಗಿಸಿದರೆ 1 ಉಳಿಯುತ್ತೆ; 2ರ ಬದಲು ಆ ಸಂಖ್ಯೆಯಿಂದ ಭಾಗವಾಗದ ಬೇರೆ ಯಾವುದನ್ನು ಹಾಕಿದರೂ ಅಷ್ಟೇ. 7 ಅವಿಭಾಜ್ಯ. ಆರು 2ಗಳನ್ನು ಗುಣಿಸಿದರೆ 64, ಅದನ್ನು 7ರಿಂದ ಭಾಗಿಸಿದರೆ ಉಳಿಯುವುದು 1. 11ಕ್ಕೆ ಹತ್ತು 2ಗಳು, 1024, ಆಗಲೂ 1. ಫರ್ಮಾ ಇದನ್ನು 1640ರಲ್ಲಿ ಒಂದು ಕಾಗದದಲ್ಲಿ ಬರೆದ. ಅದು ಯಾಕೆ ಸರಿ ಅನ್ನೋ ಸಾಧನೆ ಉದ್ದವಾಗುತ್ತೆ ಅಂತ ಕೊಡಲೇ ಇಲ್ಲ. (ನಾನು ಪರೀಕ್ಷೆಯಲ್ಲಿ ಹಾಗೆ ಬರೆದರೆ ಸೊನ್ನೆ ಅಲ್ವಾ?) ಹಾಗಾದರೆ 1 ಉಳಿದರೆ ಆ ಸಂಖ್ಯೆ ಅವಿಭಾಜ್ಯವೇ ಅಂತ ನಾನು ನಂಬಿದ್ದೆ. ಎರಡು ವರ್ಷ ಹಾಗೇ ಬರೆದು ಬಂದಿದ್ದೆ ಕೂಡ. ಮೇಷ್ಟ್ರು ತಪ್ಪು ಅನ್ನಲಿಲ್ಲ. '341 ಹಾಕಿ ನೋಡಿ' ಅಂದರು, ಅಷ್ಟೇ. 341ರ ಮೂರರಷ್ಟು 1023. ಅಂದರೆ 1024ರಲ್ಲಿ ಉಳಿಯುವುದು 1. ಹತ್ತು ಹತ್ತು 2ಗಳ 34 ಕಂತೆ ಗುಣಿಸಿದರೆ ಒಟ್ಟು 340 ಸಲ 2 ಆಯಿತು, ಆಗಲೂ ಉಳಿಯುವುದು 1. ಆದರೆ 341 ಅಂದರೆ 11×31! ಬಾಯಿ ಬಿಟ್ಟುಕೊಂಡು ಕೂತಿದ್ದೆ. '2ರ ಬದಲು 3 ಹಾಕಿ ಅಕ್ಕಾ' ಅಂದಳು ಹುಡುಗಿ. 56 ಉಳಿಯಿತು. ಕಳ್ಳ ಸಿಕ್ಕಿಬಿದ್ದ.

ಒಂದು ಸಲ ಅತ್ತೆ ಕಟ್ಟಿಕೊಟ್ಟ ಅಚ್ಚುಬೆಲ್ಲ ಒಯ್ದೆ. ಮಂಡ್ಯದವರು ಇನ್ನೇನು ಒಯ್ಯುತ್ತಾರೆ ಹೇಳಿ. ಬೇಡ ಬೇಡ ಅಂದ ಮೇಷ್ಟ್ರು ಚೀಲದೊಳಗೆ ಎಣಿಸಿ ಕೇಳಿದರು: 'ಐದೈದು ಇಟ್ಟರೆ ನಾಲ್ಕು ಮಿಗುತ್ತೆ, ಏಳೇಳು ಇಟ್ಟರೆ ಮೂರು. 35ಕ್ಕಿಂತ ಕಮ್ಮಿ. ಎಷ್ಟಿದೆ?' ನಾನು ಎಣಿಸಿರಲಿಲ್ಲ. ಗೀಚಿ ಗೀಚಿ 24 ಅಂದೆ. ಪುಸ್ತಕದಲ್ಲಿ ಚೀನೀ ಶೇಷ ಪ್ರಮೇಯ ಅಂತ ಓದಿ ತಲೆಗೆ ಹತ್ತದೇ ಇದ್ದದ್ದು ಇದೇ. ಆರ್ಯಭಟ 499ರಲ್ಲೇ ಕುಟ್ಟಕ ಅಂತ ಇಂಥ ಲೆಕ್ಕಕ್ಕೆ ದಾರಿ ಹೇಳಿದ್ದ, ನಮ್ಮ ನೃಪತುಂಗನ ಕಾಲದ ಮಹಾವೀರಾಚಾರ್ಯರೂ ಬರೆದಿದ್ದಾರೆ ಅಂತ ಗೊತ್ತಾಗಿದ್ದೂ ಆವತ್ತೇ. ಬೆಲ್ಲ ಅರ್ಧ ಅಲ್ಲೇ ಖಾಲಿ.

ಇಬ್ಬರಿಗೂ ಕೈಮುಗಿಯುತ್ತೇನೆ. ನನ್ನ ತಪ್ಪುಗಳನ್ನು ಅಷ್ಟು ತಾಳ್ಮೆಯಿಂದ ಯಾರೂ ಓದಿರಲಿಲ್ಲ.

ಪಾಸಾದೆ ಅಂತ ಫೋನ್ ಮಾಡಿದರೆ ಮೇಷ್ಟ್ರು, 'ಸಂತೋಷ. ಈಗ 561 ನೋಡಿ' ಅಂದರು. 2 ಹಾಕಿದೆ, 1 ಉಳಿಯಿತು. 5 ಹಾಕಿದೆ, ಆಗಲೂ 1. 7ಕ್ಕೂ ಅಷ್ಟೇ. 561 ಅಂದರೆ 3×11×17. ಈ ಕಳ್ಳ ಯಾಕೆ ಸಿಗುತ್ತಿಲ್ಲ? ನಾಲ್ಕು ಹಾಳೆ ತುಂಬಿವೆ. ಭಾನುವಾರ ತರ್ತೀನಿ ಸಾರ್.