ಬಾಗಿಲು ಮುಚ್ಚುವ ಮೊದಲು ಬೀಗದ ಕೈ ಯಾರಿಗಾದರೂ ಕೊಡಿ

ಮಾನ್ಯ ಸಂಪಾದಕರೇ,

ಹಳೆಯ ಕಂಪ್ಯೂಟರ್‌ಗಳನ್ನು ಜೋಪಾನ ಮಾಡಿ, ಕೆಟ್ಟವನ್ನು ಬಿಚ್ಚಿ ದುರಸ್ತಿ ಮಾಡಿ, ಮತ್ತೆ ಚಾಲೂ ಆಗುವಂತೆ ನೋಡಿಕೊಳ್ಳುವ ಹವ್ಯಾಸಿಗಳ ಅಂತರ್ಜಾಲ ಬಳಗವೊಂದು ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ನಡೆದು, ಈಗ ಮುಚ್ಚುವ ಹಂತಕ್ಕೆ ಬಂದಿದೆ. ನಡೆಸುತ್ತಿದ್ದವರ ಪ್ರಕಟಣೆ ನಾಲ್ಕೇ ಸಾಲಿನದು: ನಮಗೆ ವಯಸ್ಸಾಯಿತು, ತಾಣವನ್ನು ಇಟ್ಟಿರುವ ಸರ್ವರ್ ಯಂತ್ರಕ್ಕೂ ವಯಸ್ಸಾಯಿತು, ತಿಂಗಳ ಕೊನೆಗೆ ನಿಲ್ಲಿಸುತ್ತೇವೆ, ಇಷ್ಟು ದಿನ ಜೊತೆಗಿದ್ದವರಿಗೆಲ್ಲ ವಂದನೆ. ಇಂಥ ಬಳಗಗಳು ಒಂದರ ಹಿಂದೆ ಒಂದರಂತೆ ಮುಚ್ಚುತ್ತಿರುವುದರಿಂದ ಇದರ ಹೆಸರನ್ನು ಇಲ್ಲಿ ಎತ್ತಬೇಕಾದ ಅಗತ್ಯ ಕಾಣುವುದಿಲ್ಲ. ಮುಚ್ಚಬಾರದು ಎಂದು ನಾನು ಹೇಳುತ್ತಿಲ್ಲ. ದುಡಿದು ದಣಿದವರಿಗೆ ನಿಲ್ಲಿಸುವ ಹಕ್ಕಿದೆ. ಆದರೆ ಹೇಗೆ ಮುಚ್ಚುತ್ತಾರೆ ಎಂಬುದರಲ್ಲಿ ಬಳಗದ ಹೊರಗಿನವರಿಗೂ ಸಂಬಂಧಿಸಿದ ಸಂಗತಿಯೊಂದಿದೆ ಎಂದು ನನಗೆ ತೋರಿದ್ದರಿಂದ ಈ ಪತ್ರ.

ನನ್ನದೇ ಅನುಭವದಿಂದ ಆರಂಭಿಸುತ್ತೇನೆ. ನನ್ನ ಬಳಿ 1982ರಲ್ಲಿ ಮಾರುಕಟ್ಟೆಗೆ ಬಂದ ಕಮೊಡೋರ್ 64 ಮಾದರಿಯ ಯಂತ್ರವೊಂದಿದೆ. ಕೆಲವು ವರ್ಷಗಳ ಹಿಂದೆ ಅದನ್ನು ಚಾಲೂ ಮಾಡಿದಾಗ ಕೆಂಪು ದೀಪ ಹೊತ್ತಿಕೊಂಡಿತೇ ಹೊರತು ತೆರೆಯ ಮೇಲೆ ಏನೂ ಮೂಡಲಿಲ್ಲ, ಬರೀ ಕಪ್ಪು. ತಯಾರಿಸಿದ ಕಂಪನಿಯನ್ನು ಕೇಳೋಣವೆಂದರೆ ಅದು 1994ರಲ್ಲೇ ದಿವಾಳಿಯಾಗಿದೆ. ಬಳಗದ ಹಳೆಯ ಮಾತುಕತೆಗಳಲ್ಲಿ ಹುಡುಕಿದಾಗ, ನನ್ನ ಹಾಗೆಯೇ ಕಪ್ಪು ತೆರೆಯ ಮುಂದೆ ಕೂತ ಯಾರಿಗೋ ಇನ್ಯಾರೋ ಹತ್ತು ವರ್ಷಗಳ ಹಿಂದೆ ಬರೆದ ಉತ್ತರವೊಂದು ಸಿಕ್ಕಿತು. ಅದರ ಮೊದಲ ವಾಕ್ಯವೇ, ಯಂತ್ರಕ್ಕೆ ಮತ್ತೆ ವಿದ್ಯುತ್ ಕೊಡಬೇಡಿ ಎಂಬುದು. ಆ ಕಂಪ್ಯೂಟರಿನ ಜೊತೆಗೆ ಬರುತ್ತಿದ್ದ ಪವರ್ ಸಪ್ಲೈ ಎಪಾಕ್ಸಿ ಎಂಬ ಗಟ್ಟಿ ಅಂಟು ತುಂಬಿದ ಇಟ್ಟಿಗೆಯಂಥ ಡಬ್ಬಿ. ವೋಲ್ಟೇಜನ್ನು ಹದದಲ್ಲಿಡುವ ಅದರೊಳಗಿನ ರೆಗ್ಯುಲೇಟರ್ ಮುಪ್ಪಾದಾಗ 5 ವೋಲ್ಟ್ ಇರಬೇಕಾದದ್ದು ಮೆಲ್ಲನೆ ಏರುತ್ತದೆ, ಏರಿದ್ದು ಮೆಮೊರಿ ಚಿಪ್‌ಗಳನ್ನು ಸುಡುತ್ತದೆ. ಮಲ್ಟಿಮೀಟರ್ ಹಿಡಿದು ನೋಡಿದರೆ ಮುಳ್ಳು ಆರರ ಹತ್ತಿರ ಹೋಗಿ ನಿಂತಿತ್ತು. ಬೇರೊಂದು ಸಪ್ಲೈ ಹೊಂದಿಸಿಕೊಂಡು, ಉತ್ತರದಲ್ಲಿದ್ದಂತೆ ಎಂಟು ಮೆಮೊರಿ ಚಿಪ್‌ಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ನೋಡಿದೆ. ಒಂದು ಮಾತ್ರ ಬೆರಳು ಇಡಲಾಗದಷ್ಟು ಬಿಸಿಯಾಗಿತ್ತು. ಅದನ್ನು ಬಿಡಿಸುವ ಮೊದಲು, ಅದೇ ಜಾತಿಯ ಒಳ್ಳೆಯ ಚಿಪ್ಪೊಂದನ್ನು ಅದರ ಬೆನ್ನ ಮೇಲೆ ಕಾಲಿಗೆ ಕಾಲು ತಾಗುವಂತೆ ಕೂರಿಸಿ ಒತ್ತಿ ಹಿಡಿಯಿರಿ, ಕೆಲವು ಸಲ ಅಷ್ಟರಲ್ಲೇ ತೆರೆ ಬರುತ್ತದೆ, ಬರದಿದ್ದರೆ ನಿರಾಶರಾಗಬೇಡಿ, ಈ ಉಪಾಯ ಪ್ರತಿ ಸಲ ಫಲಿಸದು ಎಂದೂ ಆ ಮಹಾಶಯರು ಬರೆದಿದ್ದರು. ನನ್ನ ಪಾಲಿಗೆ ಫಲಿಸಿತು. ನೀಲಿ ತೆರೆಯ ಮೇಲೆ 38911 ಬೈಟ್‌ಗಳು ಖಾಲಿ ಇವೆಯೆಂಬ ಸಾಲು ಮೂಡಿದಾಗ ರಾತ್ರಿ ಒಂದೂವರೆ ಗಂಟೆ.

ಈ ತಿಳಿವಳಿಕೆ ಕಂಪನಿಯ ಸರ್ವಿಸ್ ಕೈಪಿಡಿಯಲ್ಲಿ ಇಲ್ಲ, ಇರಲು ಸಾಧ್ಯವೂ ಇಲ್ಲ. ಕೈಪಿಡಿ ಬರೆದವರು ಹೊಸ ಯಂತ್ರವನ್ನು ಎದುರಿಗಿಟ್ಟುಕೊಂಡು ಬರೆದವರು. ನಲವತ್ತು ವರ್ಷ ದಾಟಿದ ಯಂತ್ರಕ್ಕೆ ಯಾವ ಕಾಯಿಲೆ ಬರುತ್ತದೆ ಎಂಬುದು ಅವರಿಗೆ ತಿಳಿಯುವ ದಾರಿಯೇ ಇರಲಿಲ್ಲ. ಮುಪ್ಪಿನ ಕಾಯಿಲೆಗಳನ್ನು ಕಂಡವರು, ಆ ಯಂತ್ರಗಳನ್ನು ಅಷ್ಟು ಕಾಲ ಇಟ್ಟುಕೊಂಡವರು ಮಾತ್ರ. ಬಿಬಿಸಿ ಮೈಕ್ರೊ ಎಂಬ ಬ್ರಿಟನ್ನಿನ ಹಳೆಯ ಕಂಪ್ಯೂಟರಿನ ಪವರ್ ಸಪ್ಲೈಯಲ್ಲಿರುವ ಪಾರದರ್ಶಕ ಹೊದಿಕೆಯ ಕೆಪಾಸಿಟರ್, ಅಂದರೆ ವಿದ್ಯುತ್ತನ್ನು ಕೊಂಚ ಹೊತ್ತು ಹಿಡಿದಿಡುವ ಬಿಡಿಭಾಗ, ವರ್ಷಗಳು ಕಳೆದಂತೆ ಬಿರುಕು ಬಿಟ್ಟು, ಗಾಳಿಯ ತೇವ ಹೀರಿ, ಚಾಲೂ ಮಾಡಿದ ಕೆಲವೇ ನಿಮಿಷಗಳಲ್ಲಿ ಕೋಣೆ ತುಂಬ ಹೊಗೆ ಎಬ್ಬಿಸುತ್ತದೆ ಎಂಬುದನ್ನು ಇಂಥವರೇ ಕಂಡುಕೊಂಡರು. ಕಮೊಡೋರ್ ಕಂಪನಿಯದೇ ಆದ ಅಮಿಗಾ 500 ಪ್ಲಸ್ ಮತ್ತು ಅಮಿಗಾ 2000 ಯಂತ್ರಗಳಲ್ಲಿ ಗಡಿಯಾರ ನಡೆಸಲೆಂದು ಬೋರ್ಡಿಗೇ ಬೆಸೆದ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಸೋರಿ ಸುತ್ತಲಿನ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ; ಸೋರಿದ್ದು ಕ್ಷಾರವಾದ್ದರಿಂದ ಮೊದಲು ವಿನೆಗರ್ ಹಚ್ಚಿ ಅದರ ಗುಣ ಮುರಿಯಬೇಕು, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆಯಬೇಕು. 1989ರ ಮ್ಯಾಕಿಂಟಾಷ್ ಎಸ್‌ಇ/30 ಯಂತ್ರದಲ್ಲಿ ಸೋರುವುದು ಬೋರ್ಡಿನ ಮೇಲಿನ ಪುಟ್ಟ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು, ಅಂದರೆ ಒಳಗೆ ದ್ರವವಿರುವಂಥವು. ಬಳಸದೆ ಕಪಾಟಿನಲ್ಲಿಟ್ಟರೆ ಯಂತ್ರ ಹೊಸದರಂತೆಯೇ ಉಳಿಯುತ್ತದೆ ಎಂದುಕೊಂಡವರಿಗೆ ಈ ಸೋರಿಕೆಗಳು ಕಲಿಸಿದ ಪಾಠ ಸಣ್ಣದಲ್ಲ. ಇನ್ನು ಯಂತ್ರದ ಪ್ರೋಗ್ರಾಂ ಬರೆದಿಟ್ಟಿರುವ ಇಪ್ರಾಂ ಚಿಪ್‌ಗಳ ಬೆನ್ನ ಮೇಲಿನ ಗಾಜಿನ ಕಿಟಕಿಗೆ ಅಂಟಿಸಿದ ಚೀಟಿಯನ್ನು ಕೊಳಕಾಗಿದೆ ಎಂದು ಕಿತ್ತುಹಾಕುವವರು ಇಂದಿಗೂ ಇದ್ದಾರೆ. ನೇರಳಾತೀತ ಬೆಳಕು ಬಿದ್ದರೆ ಒಳಗಿನ ಪ್ರೋಗ್ರಾಂ ಅಳಿಸಿಹೋಗುತ್ತದೆ ಎಂದು ಅವರಿಗೆ ಯಾರಾದರೂ ಹೇಳಬೇಕಲ್ಲ.

ಈ ಹವ್ಯಾಸದ ಜನ ಒಬ್ಬರಿಗೊಬ್ಬರು ಹೇಳಿಕೊಡುವುದನ್ನು ಮನೆಬಳಕೆಯ ಕಂಪ್ಯೂಟರಿನಷ್ಟೇ ಹಿಂದಿನಿಂದ ರೂಢಿಸಿಕೊಂಡವರು. ಮನೆಯಲ್ಲೇ ಜೋಡಿಸಿಕೊಳ್ಳಬಹುದಾದ ಆಲ್ಟೇರ್ 8800 ಕಂಪ್ಯೂಟರ್ ಬಂದ 1975ರಲ್ಲೇ, ಮಾರ್ಚ್ ತಿಂಗಳಲ್ಲಿ, ಅಮೆರಿಕದ ಮೆನ್ಲೊ ಪಾರ್ಕಿನ ಒಂದು ಗ್ಯಾರೇಜಿನಲ್ಲಿ ಹೋಂಬ್ರೂ ಕಂಪ್ಯೂಟರ್ ಕ್ಲಬ್ ಎಂಬ ಹವ್ಯಾಸಿಗಳ ಕೂಟದ ಮೊದಲ ಸಭೆ ನಡೆಯಿತು. 1978ರ ಫೆಬ್ರವರಿಯಲ್ಲಿ ಶಿಕಾಗೊದ ವಾರ್ಡ್ ಕ್ರಿಸ್ಟೆನ್ಸನ್ ಮತ್ತು ರ‍್ಯಾಂಡಿ ಸೂಯೆಸ್ ಫೋನ್ ತಂತಿಯ ಮೂಲಕ ಸಂದೇಶ ಬರೆದಿಡಬಹುದಾದ ಒಂದು ಗಣಕ ಫಲಕವನ್ನು ತೆರೆದರು. ಒಂದು ಸಲಕ್ಕೆ ಒಬ್ಬರೇ ಕರೆ ಮಾಡಬಹುದಾಗಿತ್ತು, ಉಳಿದವರು ಸಾಲು ಕಾಯಬೇಕಿತ್ತು. ಹೋಂಬ್ರೂ ಕ್ಲಬ್ 1986ರಲ್ಲಿ ನಿಂತುಹೋಯಿತು. ಆದರೂ ಅದು ಹಂಚಿದ ಸುದ್ದಿಪತ್ರಗಳು ಕಾಗದದ ಮೇಲೆ ಅಚ್ಚಾಗಿ ಹಲವರ ಮನೆ ಸೇರಿದ್ದರಿಂದ ಅವನ್ನು ಇಂದಿಗೂ ಓದಬಹುದು. ಒಂದೇ ಸರ್ವರಿನಲ್ಲಿ ಕೂತ ಎರಡು ದಶಕಗಳ ಮಾತುಕತೆಗೆ ಆ ಭಾಗ್ಯವಿಲ್ಲ. ಅಲ್ಲಿ ಎಲ್ಲರೂ ಓದುತ್ತಿದ್ದದ್ದು ಒಂದೇ ಪ್ರತಿಯನ್ನು.

ದೊಡ್ಡವರು ಮುಚ್ಚಿದಾಗ ಏನಾಯಿತು ಎಂಬುದನ್ನು ನಾವು ಕಂಡಿದ್ದೇವೆ. ಸಾಮಾನ್ಯರು ಸ್ವಂತ ಪುಟ ಕಟ್ಟಿಕೊಂಡಿದ್ದ ಜಿಯೊಸಿಟೀಸ್ 2009ರ ಅಕ್ಟೋಬರ್ 26ರಂದು ನಿಂತಾಗ, ಅದರಲ್ಲಿ ಉಳಿದಷ್ಟಾದರೂ ಉಳಿದದ್ದು ಹಗಲಿರುಳು ನಕಲು ಮಾಡಿಕೊಂಡ ಸ್ವಯಂಸೇವಕರಿಂದ. ಯಾಹೂ ಗ್ರೂಪ್ಸ್ 2020ರ ಡಿಸೆಂಬರ್ 15ರಂದು ಪೂರ್ತಿ ಮುಚ್ಚಿತು. ಅದರಲ್ಲಿ ಒಂದೊಂದು ಹಳೆಯ ಯಂತ್ರಕ್ಕೇ ಮೀಸಲಾದ ಗುಂಪುಗಳಿದ್ದವು. 2013ರಲ್ಲಿ ಇದ್ದ ಜಾಲಪುಟಗಳಲ್ಲಿ ಶೇ 38ರಷ್ಟು ಹತ್ತು ವರ್ಷ ಕಳೆಯುವಷ್ಟರಲ್ಲಿ ತೆರೆಯದಂತಾಗಿದ್ದವು ಎಂದು ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಹೇಳಿತು. ಹಾಗಿದ್ದರೆ ಇದನ್ನೆಲ್ಲ ಮ್ಯೂಸಿಯಂಗಳಿಗೆ ಒಪ್ಪಿಸಿಬಿಡಬಾರದೇ ಎಂದು ಕೇಳುವವರಿದ್ದಾರೆ. ಮೈಕ್ರೊಸಾಫ್ಟ್‌ನ ಸ್ಥಾಪಕರಲ್ಲಿ ಒಬ್ಬರಾದ ಪಾಲ್ ಅಲೆನ್ ಸಿಯಾಟಲ್‌ನಲ್ಲಿ ಕಟ್ಟಿದ ಲಿವಿಂಗ್ ಕಂಪ್ಯೂಟರ್ಸ್ ಮ್ಯೂಸಿಯಂ, ಹಳೆಯ ಯಂತ್ರಗಳನ್ನು ಗಾಜಿನೊಳಗೆ ಇಡದೆ ನಡೆಸಿ ತೋರಿಸುತ್ತಿತ್ತು. ಅಲೆನ್ ತೀರಿಕೊಂಡ ಬಳಿಕ ಅದು 2020ರಲ್ಲಿ ಬಾಗಿಲು ಹಾಕಿ ಮತ್ತೆ ತೆರೆಯಲೇ ಇಲ್ಲ. 2024ರಲ್ಲಿ ಅದರ ವಸ್ತುಗಳು ಹರಾಜಿಗೆ ಹೋದವು. ಹಣವಂತರ ಆಸರೆಯೂ ಒಂದು ಆಯುಸ್ಸಿನಷ್ಟೇ ಎಂದಾಯಿತು.

ನಡೆಸುವವರ ಕಷ್ಟವನ್ನು ಹೇಳದಿದ್ದರೆ ನನ್ನ ಮಾತು ಏಕಪಕ್ಷೀಯವಾದೀತು. 2000ನೇ ಇಸವಿಯ ಆಸುಪಾಸಿನಲ್ಲಿ ಬರೆದ ತಂತ್ರಾಂಶದ ಮೇಲೆ ನಿಂತ ತಾಣವನ್ನು ಇಂದಿನ ಸರ್ವರಿಗೆ ಸಾಗಿಸುವುದು ಹಳೆಯ ಮನೆಯ ಒಂದು ಗೋಡೆ ಮುಟ್ಟಿದಂತೆ. ಇನ್ನೆಷ್ಟು ಕಳಚಿಕೊಳ್ಳುತ್ತದೋ ಮುಟ್ಟುವ ತನಕ ಗೊತ್ತಾಗದು. ಹೊಸ ಸದಸ್ಯರ ಹೆಸರಿನಲ್ಲಿ ಬರುವವರಲ್ಲಿ ಬಹುಪಾಲು ಸ್ಪ್ಯಾಮ್, ಅಂದರೆ ಬೇಡದ ಜಾಹೀರಾತು, ಹಾಕುವವರು. ಈಚೆಗಂತೂ ಕೃತಕ ಬುದ್ಧಿಮತ್ತೆಗೆ ಪಠ್ಯ ಒದಗಿಸಲು ಜಾಲವನ್ನೆಲ್ಲ ಜಾಲಾಡುವ ಬಾಟ್ ಎಂಬ ಸ್ವಯಂಚಾಲಿತ ತಂತ್ರಾಂಶಗಳು ಇಂಥ ಪುಟ್ಟ ಸರ್ವರುಗಳನ್ನು ಉಸಿರಾಡಲು ಬಿಡುತ್ತಿಲ್ಲ. ಬ್ರಿಟನ್ನಿನಲ್ಲಿ ಆನ್‌ಲೈನ್ ಸುರಕ್ಷತಾ ಕಾಯ್ದೆಯಡಿ ಕಾನೂನುಬಾಹಿರ ಬರಹಗಳ ಕುರಿತ ಹೊಣೆ 2025ರ ಮಾರ್ಚ್ 17ರಿಂದ ಜಾರಿಗೆ ಬಂದಾಗ, ಸಂಬಳದ ಸಿಬ್ಬಂದಿಯಿಲ್ಲದ ಹಲವು ಸಣ್ಣ ಬಳಗಗಳು ಆ ಕಾಗದಪತ್ರಕ್ಕೆ ಹೆದರಿಯೇ ಹಿಂದೆ ಸರಿದವು. ಇಷ್ಟನ್ನೂ ಒಬ್ಬಿಬ್ಬರು, ಸಂಜೆಯ ಬಿಡುವಿನಲ್ಲಿ, ಕೈಯಿಂದ ಹಣ ಹಾಕಿ ಮಾಡುತ್ತ ಬಂದಿದ್ದಾರೆ. ನಾವು ಸದಸ್ಯರೆನಿಸಿಕೊಂಡವರು ಬಂದೆವು, ಬೇಕಾದ ಉತ್ತರ ಎತ್ತಿಕೊಂಡೆವು, ಹೋದೆವು. ಸರ್ವರಿನ ಬಾಡಿಗೆ ಯಾರು ಕಟ್ಟುತ್ತಿದ್ದಾರೆ ಎಂದು ಎಷ್ಟು ಜನ ಕೇಳಿದ್ದೇವೆ? ನಾನು ಕೇಳಿದ್ದು ಪ್ರಕಟಣೆ ಬಂದ ಮೇಲೆ.

ಆದರೂ ತಿಂಗಳ ಗಡುವು ಕೊಟ್ಟು ಒಮ್ಮೆಲೇ ಅಳಿಸಿಬಿಡುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಹೊಸ ಬರಹ, ಹೊಸ ಸದಸ್ಯರು ಎರಡನ್ನೂ ನಿಲ್ಲಿಸಿ, ಹಳೆಯದನ್ನು ಓದಲು ಮಾತ್ರ ತೆರೆದಿಟ್ಟರೆ ಉಸ್ತುವಾರಿಯ ಹೊರೆ ಬಹುಪಾಲು ಇಳಿಯುತ್ತದೆ. ಸ್ಪ್ಯಾಮ್ ಹಾಕಲು ಜಾಗವೇ ಇರುವುದಿಲ್ಲ. ಆ ಸ್ಥಿತಿಯಲ್ಲಿ ಆರು ತಿಂಗಳು ಸಿಕ್ಕರೂ ಸಾಕು, ಡೇಟಾಬೇಸ್ ತೆಗೆದುಹಾಕಿ ಎಲ್ಲವನ್ನೂ ಸಾದಾ ಪುಟಗಳನ್ನಾಗಿ ಇಳಿಸಿಕೊಳ್ಳಬಹುದು. ಅಂಥ ಪುಟಗಳಿಗೆ ಭದ್ರತೆಯ ರಗಳೆ ಕಡಿಮೆ, ಜಾಗವೂ ಕಡಿಮೆ. ಜಾಲಪುಟಗಳ ಪ್ರತಿ ಕೂಡಿಡುವ ಇಂಟರ್‌ನೆಟ್ ಆರ್ಕೈವ್ ಇದೆಯಲ್ಲ ಎಂದು ಸುಮ್ಮನಾಗುವಂತಿಲ್ಲ. 1996ರಿಂದ ಅದು ಮಾಡುತ್ತಿರುವ ಕೆಲಸ ದೊಡ್ಡದು, ಆದರೆ ಲಾಗಿನ್ ಆದವರಿಗೆ ಮಾತ್ರ ಕಾಣುವ ಲಗತ್ತುಗಳು, ಅಂದರೆ ಕೈಯಲ್ಲಿ ಬರೆದ ಸರ್ಕ್ಯೂಟ್ ನಕ್ಷೆಗಳು, ಫ್ಲಾಪಿಯಿಂದ ಇಳಿಸಿಕೊಂಡ ಕಡತಗಳು, ಹೊರಗಿನಿಂದ ಬರುವ ಅದರ ಯಂತ್ರಗಳಿಗೆ ಎಟಕುವುದಿಲ್ಲ. ಅವನ್ನು ಒಳಗಿನವರೇ ತೆಗೆದುಕೊಡಬೇಕು.

ಚಿತ್ರಗಳ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ನನ್ನ ಯಂತ್ರವನ್ನು ಬದುಕಿಸಿದ ಆ ಉತ್ತರದಲ್ಲಿ ಮೂರು ಕಡೆ "ಚಿತ್ರ ನೋಡಿ" ಎಂದಿತ್ತು, ಮೂರು ಕಡೆಯೂ ಇದ್ದದ್ದು ಬೂದು ಬಣ್ಣದ ಒಂದು ಚೌಕ. ಬರೆದವರು ಚಿತ್ರಗಳನ್ನು ಬೇರೊಂದು ಉಚಿತ ಸೇವೆಯಲ್ಲಿ ಇಟ್ಟಿದ್ದರು, ಆ ಸೇವೆ ಮುಂದೆ ನಿಯಮ ಬದಲಿಸಿತು, ಇಲ್ಲಿನ ಮಾತು ಉಳಿದು ಅಲ್ಲಿನ ಚಿತ್ರ ಹೋಯಿತು. "ಎಡಗಡೆಯಿಂದ ಮೂರನೆಯದು" ಎಂಬ ಮಾತಿಗೆ ಚಿತ್ರವಿಲ್ಲದಿದ್ದರೆ ಏನರ್ಥ? ಬೋರ್ಡನ್ನು ಯಾವ ಕಡೆಯಿಂದ ಹಿಡಿದರೆ ಎಡ? ಒಂದು ಗಂಟೆ ನಾನು ಅದರಲ್ಲೇ ಕಳೆದಿದ್ದೇನೆ. ಆದ್ದರಿಂದ ನಕಲು ಮಾಡುವವರು ಪಠ್ಯದ ಜೊತೆ ಇನ್ನೂ ಉಳಿದಿರುವ ಹೊರಗಿನ ಚಿತ್ರಗಳನ್ನೂ ಎಳೆದು ಒಂದೇ ಕಡೆ ಕಟ್ಟಿಡಬೇಕು. ಇದು ಮುಚ್ಚಿದ ಮೇಲೆ ಮಾಡಲಾಗದ ಕೆಲಸ.

ಎಲ್ಲವನ್ನೂ ಉಳಿಸಬೇಕೆಂಬ ಹಟವೂ ನನಗಿಲ್ಲ. ಸದಸ್ಯರು ಪರಸ್ಪರ ಬರೆದುಕೊಂಡ ಖಾಸಗಿ ಸಂದೇಶಗಳು, ಇಮೇಲ್ ವಿಳಾಸಗಳು, ಪಾಸ್‌ವರ್ಡುಗಳ ಕಡತ, ಇವು ಯಾವ ಪ್ರತಿಯಲ್ಲೂ ಇರಕೂಡದು, ಮೊದಲು ಅಳಿಯಬೇಕಾದವು ಅವೇ. ತನ್ನ ಬರಹ ಬೇಡ ಎನ್ನುವವರ ಬರಹವನ್ನು ತೆಗೆದುಹಾಕಲಿ. ತೀರಿಕೊಂಡವರ ಬರಹದ ಬಗ್ಗೆ ಯಾರನ್ನು ಕೇಳುವುದು ಎಂಬ ಪ್ರಶ್ನೆ ಉಳಿಯುತ್ತದೆ. ಎಲ್ಲರೂ ಓದಲೆಂದೇ ಅವರು ಬರೆದಿದ್ದರಲ್ಲ ಎಂಬುದು ನನ್ನ ವಾದ, ಒಪ್ಪದವರೂ ಇದ್ದಾರು.

ಈಗ ಎಲ್ಲವೂ ಚಾಟ್ ಗುಂಪುಗಳಲ್ಲಿ, ವಿಡಿಯೊಗಳಲ್ಲಿ ಸಿಗುತ್ತದೆ, ಹಳೆಯ ಬಳಗ ಹೋದರೆ ಹೋಯಿತು ಎಂದು ಕಿರಿಯ ಸ್ನೇಹಿತರೊಬ್ಬರು ನನಗೆ ಹೇಳಿದರು. ಚಾಟ್ ಗುಂಪಿನಲ್ಲಿ ಪ್ರಶ್ನೆ ಕೇಳಿದರೆ ಹತ್ತು ನಿಮಿಷದಲ್ಲಿ ಉತ್ತರ ಬರುವುದು ನಿಜ, ಮರುದಿನ ಅದೇ ಪ್ರಶ್ನೆಯನ್ನು ಇನ್ನೊಬ್ಬರು ಕೇಳುವುದೂ ಅಷ್ಟೇ ನಿಜ, ಏಕೆಂದರೆ ನಿನ್ನೆಯ ಉತ್ತರ ಅಷ್ಟರಲ್ಲಿ ಮೇಲೆಲ್ಲೋ ಸರಿದುಹೋಗಿರುತ್ತದೆ, ಗುಂಪಿನ ಹೊರಗಿನ ಹುಡುಕಾಟಕ್ಕೆ ಅದು ಸಿಗುವುದೂ ಇಲ್ಲ. ವಿಡಿಯೊ ನೋಡಲು ಚೆಂದ. ಆದರೆ ಕೈಯಲ್ಲಿ ಸೋಲ್ಡರಿಂಗ್ ಐರನ್ ಹಿಡಿದು, ಯಾವ ಕಾಲಿಗೆ ತಂತಿ ಬೆಸೆಯಬೇಕೆಂದು ತಿಳಿಯಲು ನಲವತ್ತು ನಿಮಿಷದ ವಿಡಿಯೊವನ್ನು ಮೊಣಕೈಯಿಂದ ಹಿಂದೆ ಮುಂದೆ ಓಡಿಸಿದವರಿಗೆ ಬರಹದ ಬೆಲೆ ಗೊತ್ತಿರುತ್ತದೆ.

ಈ ಪತ್ರಿಕೆಯ ಓದುಗರಲ್ಲಿ ಇಂಥ ಬಳಗಗಳನ್ನು, ಅವು ಕಂಪ್ಯೂಟರಿನವೇ ಆಗಲಿ, ರೇಡಿಯೊ ಅಥವಾ ಕ್ಯಾಮೆರಾದವೇ ಆಗಲಿ, ನಡೆಸುತ್ತಿರುವವರು ಇರಬಹುದು. ಅವರಲ್ಲಿ ನನ್ನ ವಿನಂತಿ ಇಷ್ಟು: ಆಡಳಿತದ ಪಾಸ್‌ವರ್ಡ್ ಮತ್ತು ತಾಣದ ವಿಳಾಸದ, ಅಂದರೆ ಡೊಮೈನ್ ಹೆಸರಿನ ನೋಂದಣಿ ಒಬ್ಬರ ಕೈಯಲ್ಲಷ್ಟೇ ಇದ್ದರೆ ಇಂದೇ ಇನ್ನೊಬ್ಬ ನಂಬಿಗಸ್ತರಿಗೂ ತಿಳಿಸಿಡಿ, ಮತ್ತು ಇಡೀ ಸಂಗ್ರಹದ ಒಂದು ಪ್ರತಿಯನ್ನು ಬೇರೆಯವರ ಬಳಿಯೂ ಇರಿಸಿ. ನಿಲ್ಲಿಸಬೇಕೆಂದು ತೀರ್ಮಾನಿಸಿದರೆ ಅದನ್ನು ಆಯಾಸದ ಕೊನೆಯ ದಿನ ಹೇಳದೆ, ಆಯಾಸ ಶುರುವಾದ ದಿನವೇ ಹೇಳಿ.

ನಮ್ಮ ಬಳಗದ ವಿಷಯಕ್ಕೆ ಬಂದರೆ, ಆರು ತಿಂಗಳ ಸರ್ವರ್ ಬಾಡಿಗೆಯನ್ನು ನಾವೇ ಕೆಲವರು ಕಟ್ಟುತ್ತೇವೆ, ಓದಲು ಮಾತ್ರ ತೆರೆದಿಡಿ, ಪ್ರತಿ ಇಳಿಸಿಕೊಳ್ಳಲು ಅವಕಾಶ ಕೊಡಿ ಎಂದು ನಡೆಸುವವರಿಗೆ ಬರೆದಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಅಷ್ಟರೊಳಗೆ ಇರಲೆಂದು, ಸರ್ವರ್‌ಗೆ ಭಾರವಾಗದಂತೆ ನಿಮಿಷಕ್ಕೆ ನಾಲ್ಕಾರು ಪುಟಗಳ ಲೆಕ್ಕದಲ್ಲಿ ರಾತ್ರಿ ಹೊತ್ತು ಪುಟಗಳನ್ನು ಇಳಿಸಿಕೊಳ್ಳುತ್ತಿದ್ದೇನೆ. ಈ ವೇಗದಲ್ಲಿ ಗಡುವಿನೊಳಗೆ ಎಲ್ಲವೂ ಮುಗಿಯುವುದಿಲ್ಲವಾದ್ದರಿಂದ ದುರಸ್ತಿಯ ವಿಭಾಗವನ್ನು ಮೊದಲು ಹಿಡಿದಿದ್ದೇನೆ. ನಿನ್ನೆ ರಾತ್ರಿಗೆ 2011ನೇ ಇಸವಿಯ ತನಕ ಬಂದಿದೆ.

ಇಂತಿ,
ಹಳೆಯ ಕಂಪ್ಯೂಟರ್‌ಗಳ ಒಬ್ಬ ಹವ್ಯಾಸಿ